ದೈವಾರಾಧನಾ ವರ್ಷದ ಕೊನೆ ಮತ್ತು ದೇವರ ಮೇಲಿನ ಭರವಸೆ



ಗೋಡೆಯ ಮೇಲಿನ ಕ್ಯಾಲೆಂಡರ್ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಧರ್ಮಸಭೆಯ ವರ್ಷ ಅದಕ್ಕೂ ಸುಮಾರು ಒಂದು ತಿಂಗಳು ಮೊದಲೇ ಮುಗಿಯುತ್ತದೆ. ಕ್ರಿಸ್ತರಾಜರ ಹಬ್ಬ ಕಳೆದ ಮುಂದಿನ ಭಾನುವಾರ ಆಗಮನ ಕಾಲ ಆರಂಭವಾಗುತ್ತದೆ, ಅದೇ ನಮಗೆ ಹೊಸ ವರ್ಷ. ಈ ಕೊನೆಯ ವಾರಗಳ ಹಬ್ಬಗಳು ನಮಗೆ ಕಲಿಸುವುದೇನು? ಇದನ್ನು ತಿಳಿಯಲು ಈ ಬಾರಿ ಘಟ್ಟದ ಮೇಲಿನ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರದ ಕಡೆ ನೋಡೋಣ.

ಕರಾವಳಿಯ ಅನೇಕ ಕುಟುಂಬಗಳಿಗೆ ಮಲೆನಾಡಿನಲ್ಲಿ ಬಂಧುಗಳಿದ್ದಾರೆ. ಕಾಫಿ ತೋಟದ ಕೆಲಸಕ್ಕೆಂದು ಘಟ್ಟ ಹತ್ತಿದ ಕೊಂಕಣಿ ಕಥೋಲಿಕರು ಅಲ್ಲಿಯೇ ನೆಲೆ ಕಂಡರು. ಕೇರಳದಿಂದ ಬಂದ ಸಿರೋ ಮಲಬಾರ್ ಕುಟುಂಬಗಳೂ ಅಲ್ಲಿ ಕೃಷಿ ಮಾಡಿಕೊಂಡು ಬಾಳುತ್ತಿವೆ. ಲ್ಯಾಟಿನ್ ವಿಧಿಯವರಿಗೆ 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯವಿದ್ದರೆ, ಸಿರೋ ಮಲಬಾರ್ ವಿಧಿಯವರಿಗೆ 2007ರಲ್ಲಿ ಸ್ಥಾಪನೆಯಾದ ಭದ್ರಾವತಿ ಧರ್ಮಪ್ರಾಂತ್ಯವಿದೆ.

ಅಲ್ಲಿ ನವೆಂಬರ್ ಎಂದರೆ ಅಡಿಕೆ ಕೊಯ್ಲಿನ ತಿಂಗಳು. ಕಾಫಿ ಹಣ್ಣು ಬಿಡಿಸುವ ಕೆಲಸವೂ ಇದೇ ಸಮಯಕ್ಕೆ ಶುರುವಾಗುತ್ತದೆ. ಫಸಲು ಎಷ್ಟು ಬಂತು, ಸಾಲ ಎಷ್ಟು ತೀರುತ್ತದೆ ಎಂಬ ಲೆಕ್ಕ ಮನೆಮನೆಯಲ್ಲೂ ನಡೆಯುತ್ತದೆ. ಆದರೆ ಈ ಮೂರು ತಾಲೂಕುಗಳ ತೋಟಗಳನ್ನು ಹಳದಿ ಎಲೆ ರೋಗ ಹಲವು ದಶಕಗಳಿಂದ ಕಾಡುತ್ತಿದೆ. ಅದನ್ನು ಪೂರ್ಣವಾಗಿ ಗುಣಪಡಿಸುವ ಔಷಧಿ ಇನ್ನೂ ಸಿಕ್ಕಿಲ್ಲ. ಇದರ ಮೇಲೆ ಎಲೆಚುಕ್ಕಿ ರೋಗವೂ 2022ರಲ್ಲಿ ಮಲೆನಾಡಿನಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡಿತು. ತಂದೆ ನೆಟ್ಟ ತೋಟ ಕಣ್ಣೆದುರೇ ಒಣಗುವಾಗ, "ಇಷ್ಟು ಪ್ರಾರ್ಥಿಸಿದರೂ ದೇವರು ಏಕೆ ಕೇಳಲಿಲ್ಲ?" ಎಂಬ ಪ್ರಶ್ನೆ ಹುಟ್ಟುವುದು ಸಹಜ. ಅದನ್ನು ಅವಿಶ್ವಾಸವೆಂದು ತಳ್ಳಿಹಾಕುವುದು ಸರಿಯಲ್ಲ. ವರ್ಷಾಂತ್ಯದ ಹಬ್ಬಗಳು ಈ ಪ್ರಶ್ನೆಯನ್ನೇ ಎದುರಿಸುತ್ತವೆ.

ನವೆಂಬರ್ 1 ಸಕಲ ಸಂತರ ಹಬ್ಬ. ಅಂದು ಓದುವ ಶುಭಸಂದೇಶದಲ್ಲಿ ಪ್ರಭು ಯೇಸು ಧನ್ಯರೆಂದು ಕರೆಯುವುದು ಬಡವರನ್ನು, ದುಃಖಿಗಳನ್ನು, ನ್ಯಾಯಕ್ಕಾಗಿ ಹಸಿದವರನ್ನು. ಫಸಲು ಹೆಚ್ಚು ಬಂದವನು ದೇವರಿಗೆ ಪ್ರಿಯ, ಕಳೆದುಕೊಂಡವನು ಅಪ್ರಿಯ ಎಂಬ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ನವೆಂಬರ್ 2 ಮೃತ ವಿಶ್ವಾಸಿಗಳ ಸ್ಮರಣೆ. ನವೆಂಬರ್ 1ರಿಂದ 8ರವರೆಗೆ ಭಕ್ತಿಯಿಂದ ಸಮಾಧಿ ಸ್ಥಳಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸುವವರಿಗೆ, ಪಾಪನಿವೇದನೆ, ಪರಮಪ್ರಸಾದ ಸ್ವೀಕಾರ, ಜಗದ್ಗುರುಗಳ ಉದ್ದೇಶಕ್ಕಾಗಿ ಪ್ರಾರ್ಥನೆ ಮತ್ತು ಪಾಪದ ಮೋಹವಿಲ್ಲದ ಮನಸ್ಸು ಎಂಬ ಷರತ್ತುಗಳ ಮೇಲೆ ಧರ್ಮಸಭೆ ಪೂರ್ಣ ದಂಡವಿಮೋಚನೆ ನೀಡುತ್ತದೆ. ಇದನ್ನು ಮೃತರ ಆತ್ಮಗಳಿಗೆ ಮಾತ್ರ ಅರ್ಪಿಸಬಹುದು. ನಮಗಾಗಿ ಏನನ್ನೂ ಬೇಡದೆ ಪ್ರಾರ್ಥಿಸುವುದನ್ನು ಈ ದಿನಗಳು ಕಲಿಸುತ್ತವೆ.

ನವೆಂಬರ್ 9 ರೋಮಿನ ಲ್ಯಾಟೆರನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬ. ಸಿರೋ ಮಲಬಾರ್ ವಿಧಿಯಲ್ಲಿ ವರ್ಷದ ಕೊನೆಯ ನಾಲ್ಕು ವಾರಗಳೇ ದೇವಾಲಯ ಪ್ರತಿಷ್ಠಾಪನೆಯ ಕಾಲ. ಕ್ರಿಸ್ತರು ತಮ್ಮ ಧರ್ಮಸಭೆಯನ್ನು ವಧುವಿನಂತೆ ಪಿತನ ಮುಂದೆ ಒಪ್ಪಿಸುವುದನ್ನು ಈ ಕಾಲ ಧ್ಯಾನಿಸುತ್ತದೆ. ವಿಧಿ ಬೇರೆಯಾದರೂ ತಿರುಳು ಒಂದೇ: ನಾವು ಒಂಟಿಯಲ್ಲ, ಒಂದೇ ಮನೆಯ ಜೀವಂತ ಕಲ್ಲುಗಳು.

ವರ್ಷದ ಕೊನೆಯ ಭಾನುವಾರ ಕ್ರಿಸ್ತರಾಜರ ಹಬ್ಬ. ಒಂದನೇ ಮಹಾಯುದ್ಧದ ನಂತರ ರಾಷ್ಟ್ರಗಳು ಅಧಿಕಾರದ ಬೆನ್ನು ಹತ್ತಿದ್ದ ಕಾಲದಲ್ಲಿ, 1925ರ ಡಿಸೆಂಬರ್ 11ರಂದು ಜಗದ್ಗುರು ಹನ್ನೊಂದನೇ ಪಿಯುಸ್ ಈ ಹಬ್ಬವನ್ನು ಸ್ಥಾಪಿಸಿದರು. ಆಗ ಅದು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬರುತ್ತಿತ್ತು. 1969ರ ಸುಧಾರಣೆಯಲ್ಲಿ ದೈವಾರಾಧನಾ ವರ್ಷದ ಕೊನೆಗೆ ಬಂತು. ಆ ದಿನದ ಶುಭಸಂದೇಶ ಮೂರು ವರ್ಷಕ್ಕೊಮ್ಮೆ ಆವರ್ತಿಸುತ್ತದೆ. ಮೊದಲ ವರ್ಷ ರಾಜ ಹಸಿದವರಲ್ಲಿ, ರೋಗಿಗಳಲ್ಲಿ, ಸೆರೆಯಲ್ಲಿರುವವರಲ್ಲಿ ಕಾಣಿಸುತ್ತಾನೆ. ಎರಡನೇ ವರ್ಷ ಪಿಲಾತನ ಮುಂದೆ ಆರೋಪಿಯಾಗಿ ನಿಲ್ಲುತ್ತಾನೆ. ಮೂರನೇ ವರ್ಷ ಶಿಲುಬೆಯ ಮೇಲೆ ಕಳ್ಳನೊಬ್ಬನಿಗೆ ಸ್ವರ್ಗದ ಬಾಗಿಲು ತೆರೆಯುತ್ತಾನೆ. ಎಲ್ಲವನ್ನೂ ಕಳೆದುಕೊಂಡವನಂತೆ ಕಂಡವನೇ ನಮ್ಮ ರಾಜ. ಆದ್ದರಿಂದ ನಮ್ಮ ನಷ್ಟದ ದಿನಗಳಲ್ಲಿ ಆತ ನಮ್ಮಿಂದ ದೂರವಿಲ್ಲ.

ಮರುದಿನ, ಸೋಮವಾರದ ಬಲಿಪೂಜೆಯಲ್ಲಿ ಎರಡು ಚಿಕ್ಕ ನಾಣ್ಯ ಹಾಕಿದ ಬಡ ವಿಧವೆಯ ಪ್ರಸಂಗವನ್ನು ಓದುತ್ತೇವೆ. ಮುಂದಿನ ದಿನಗಳಲ್ಲಿ ಮಹಾದೇವಾಲಯದ ನಾಶದ ಮುನ್ಸೂಚನೆ ಬರುತ್ತದೆ. ಭವ್ಯ ಕಟ್ಟಡ ಉರುಳಿತು, ವಿಧವೆಯ ಕಾಣಿಕೆಯಾದರೋ ಉಳಿಯಿತು.

ಹಾಗಾದರೆ ಭರವಸೆ ಎಂದರೆ ಕೈಕಟ್ಟಿ ಕುಳಿತುಕೊಳ್ಳುವುದೇ? ಖಂಡಿತ ಅಲ್ಲ. ಕೊಳೆರೋಗ ಬಾರದಿರಲೆಂದು ರೈತರು ಮಳೆಗಾಲಕ್ಕೆ ಮೊದಲೇ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣವನ್ನು ನೂರು ಲೀಟರ್ ನೀರಿಗೆ ಸೇರಿಸಿ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಆಮೇಲೆ ಮಳೆ ಎಷ್ಟು ಸುರಿಯಬೇಕೆಂಬುದು ಅವರ ಕೈಯಲ್ಲಿಲ್ಲ. ನಮ್ಮ ಪಾಲಿನದನ್ನು ಪ್ರಾಮಾಣಿಕವಾಗಿ ಮಾಡಿ ಉಳಿದದ್ದನ್ನು ದೇವರಿಗೆ ಬಿಡುವುದೇ ಭರವಸೆ. ಹರಕೆ ಹೇಳಿ ಮೇಣದ ಬತ್ತಿ ಹಚ್ಚಿದ್ದೇವೆ, ಇನ್ನು ದೇವರು ಫಸಲು ಕೊಡಲೇಬೇಕು ಎನ್ನುವುದು ವ್ಯಾಪಾರ.

ಧರ್ಮಕೇಂದ್ರಗಳ ಸೇವಕರಿಗೆ ಒಂದು ಮಾತು. ಕೊಯ್ಲಿನ ದಿನಗಳಲ್ಲಿ ಪೂಜೆಗೆ ಬಾರದವರನ್ನು ದೂರುವ ಬದಲು, ಕೂಲಿ ಕೆಲಸ ಮುಗಿಸಿ ಬರುವವರಿಗೂ ಅನುಕೂಲವಾಗುವ ಸಮಯದಲ್ಲಿ ಪೂಜೆ ಇಡಲು ಗುರುಗಳೊಡನೆ ಮಾತನಾಡಿ. ಬೆಳೆ ಹೋದ ಮನೆಗೆ ಹೋಗಿ ಜಪಸರ ಪ್ರಾರ್ಥಿಸಿ. ಪ್ರಾರ್ಥನೆ ಮುಗಿದ ಮೇಲೆ ಸ್ವಲ್ಪ ಹೊತ್ತು ಕುಳಿತು ಅವರ ಸಾಲದ ಕಷ್ಟವನ್ನೂ ಕೇಳಿ. ಸರಕಾರದ ಪರಿಹಾರಕ್ಕೆ ಅರ್ಜಿ ಬರೆಯಲು ತಿಳಿಯದವರಿಗೆ ಬರೆದುಕೊಡಿ. ದೇವರು ನಮ್ಮನ್ನು ಮರೆತಿಲ್ಲ ಎಂಬುದು ನೊಂದವರಿಗೆ ಮನವರಿಕೆಯಾಗುವುದು ಬಹುಮಟ್ಟಿಗೆ ನೆರೆಯವರ ಮೂಲಕವೇ.

ವರ್ಷ ಮುಗಿಸುವಾಗ ಪ್ರತಿ ಕುಟುಂಬವೂ ಒಟ್ಟಾಗಿ ಕುಳಿತು ಸಿಕ್ಕಿದ್ದಕ್ಕೆ ವಂದನೆ ಹೇಳಲಿ, ಕಳೆದದ್ದನ್ನು ಕ್ರಿಸ್ತರಾಜರ ಪಾದಕ್ಕೆ ಒಪ್ಪಿಸಲಿ. ಆಗಮನ ಕಾಲದ ಮೊದಲ ಮೇಣದ ಬತ್ತಿಯನ್ನು ಹಗುರವಾದ ಮನಸ್ಸಿನಿಂದ ಹಚ್ಚಲು ಸರ್ವರಿಗೂ ದೇವರು ಅನುಗ್ರಹಿಸಲಿ.