ನಿಗಾರ–ಉದ್ಗಾರ ವಿಚಾರ

ಕನ್ನಡದಲ್ಲಿ ‘ಉದ್ಗಾರ’ವೆಂದೊಡನೆ ಈಗ ನಮಗೆ ತೋರುವುದು ಆಶ್ಚರ್ಯಾದಿಗಳಲ್ಲಿ ಹೊರಡುವ ಮಾತು. ಸಂಸ್ಕೃತದಲ್ಲಾದರೋ ಅದಕ್ಕೆ ತೇಗೆಂಬ ಅರ್ಥವೂ ಉಂಟು. ನುಂಗುವುದೆಂಬ ಅರ್ಥದ ‘ಗೄ’ ಧಾತುವಿಗೆ ‘ನಿ’ ಸೇರಿದರೆ ನಿಗಾರ, ‘ಉತ್’ ಸೇರಿದರೆ ಉದ್ಗಾರ. ಪಾಣಿನಿಯು ಇವೆರಡನ್ನೂ ಒಂದೇ ಸೂತ್ರದಲ್ಲಿ ಸಾಧಿಸಿದ್ದಾನೆ. ದೇಹದಲ್ಲಿಯೂ ಹೀಗೆಯೇ. ಅನ್ನನಾಳದ ಮೇಲ್ದುದಿಯನ್ನು ಬಿಗಿದಿರುವ ಕ್ರೈಕೋಫ್ಯಾರಿಂಜಿಯಸ್ ಎಂಬ ಸ್ನಾಯುವು ತುತ್ತು ಇಳಿಯುವಾಗಲೂ ವಾಯುವು ಏರುವಾಗಲೂ ಸಡಿಲಬೇಕು. ಕೆಲವರಲ್ಲಿ ಅದು ತುತ್ತಿಗೆ ಸಡಿಲುವುದು, ವಾಯುವಿಗೆ ಸಡಿಲದು. ಅಂಥವರಿಗೆ ಉಂಡ ಬಳಿಕ ಹೊಟ್ಟೆ ಉಬ್ಬರಿಸಿ, ಎದೆ ಬಿಗಿದು, ಕೊರಳಲ್ಲಿ ಗುಳಗುಳ ಶಬ್ದವಾಗುವುದು. ಪಂಕ್ತಿಯಲ್ಲಿ ಕುಳಿತುಣ್ಣಲೂ ಸಂಕೋಚ. ತೇಗನ್ನೇ ತೃಪ್ತಿಯ ಗುರುತೆಂದು ಬಗೆವ ನಮ್ಮವರಿಗೆ ಈ ಸಂಕಟವನ್ನು ತಿಳಿಯಹೇಳುವುದು ಸುಲಭವಲ್ಲ.

ಚರಕಸಂಹಿತೆಯು ತಡೆಯಬಾರದ 13 ವೇಗಗಳಲ್ಲಿ ಉದ್ಗಾರವನ್ನು ಎಣಿಸಿ, ತಡೆದರೆ ಬಿಕ್ಕಳಿಕೆ, ಅರುಚಿ, ನಡುಕ, ಎದೆಯ ಬಿಗಿತ ಇವು ಉಂಟಾಗುವುವೆಂದಿದೆ. ಅಲ್ಲಿ ವೇಗವನ್ನು ತಡೆಯುವವನು ರೋಗಿಯೇ. ಇಲ್ಲಿ ತಡೆ ಅವನ ವಶದಲ್ಲಿಲ್ಲವಾದ್ದರಿಂದ ಆ ಉಪದೇಶವು ನಿಷ್ಫಲ.

2019ರಲ್ಲಿ ಅಮೆರಿಕದ ಬ್ಯಾಸ್ಟಿಯನ್, ಸ್ಮಿತ್‌ಸನ್ ಎಂಬವರು ಇಂತಹ 51 ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಬೊಟುಲಿನಮ್ ವಿಷವನ್ನು ಅಲ್ಪಪ್ರಮಾಣದಲ್ಲಿ ಆ ಸ್ನಾಯುವಿಗೆ ಚುಚ್ಚಿ ಸಡಿಲಿಸುವುದೇ ಚಿಕಿತ್ಸೆ. ಮೊದಮೊದಲು ನುಂಗುವುದು ತುಸು ಕಷ್ಟವಾಗಬಹುದು (ಬಾಗಿಲು ಒಂದೇ ತಾನೆ!). ಮದ್ದಿನ ಬಲವು ಕೆಲವು ತಿಂಗಳಲ್ಲಿ ಕುಂದುವುದಾದರೂ, ಅಷ್ಟರೊಳಗೆ ತೇಗಲು ಕಲಿತ ಅನೇಕರಿಗೆ ಆ ಶಕ್ತಿಯು ಉಳಿದುಬರುವುದುಂಟು.