ಬಿಸಿನೀರಿನ ದಾರಿಯಲ್ಲಿ ಸಿಕ್ಕಿಬಿದ್ದ ಗಾಳಿ

ಮಂಗಳೂರಿನ ದೇರೆಬೈಲ್, ಕೊಂಚಾಡಿ, ಕಾವೂರು ಕಡೆಯ ತಾರಸಿಗಳಲ್ಲಿ ಈಗ ನೀರಿನ ಟ್ಯಾಂಕಿನ ಪಕ್ಕದಲ್ಲೇ ಸೋಲಾರ್ ಹೀಟರ್ ಕಾಣುವುದು ಸಾಮಾನ್ಯ. ಅದರ ಬಗ್ಗೆ ಮನೆಮಂದಿಯ ದೂರೂ ಹೆಚ್ಚುಕಡಿಮೆ ಒಂದೇ: ಮೇಲೆ ಟ್ಯಾಂಕಿನಲ್ಲಿ ಕೈ ಸುಡುವ ನೀರಿದೆ, ಕೆಳಗೆ ಬಚ್ಚಲಿನ ನಲ್ಲಿಯಲ್ಲಿ ಬರೀ ಗೊರಗೊರ ಸದ್ದು. ಪ್ಲಂಬರ್ ಬಂದು ಏರ್ ಲಾಕ್ ಎನ್ನುತ್ತಾರೆ, ಗಾಳಿ ತೆಗೆದುಕೊಟ್ಟು ಹೋಗುತ್ತಾರೆ, ಕೆಲವು ವಾರ ಕಳೆದರೆ ಮತ್ತೆ ಅದೇ ಪಾಡು. ಕೊನೆಗೆ ಅಪವಾದ ಹೊರುವುದು ಸೋಲಾರ್. ಗೆರಟೆ, ಮಡಲು ಉರಿಸುತ್ತಿದ್ದ ಹಂಡೆಯೇ ವಾಸಿಯಿತ್ತು ಎನ್ನುವವರೂ ಇದ್ದಾರೆ. ಹಂಡೆಯ ಬಾಯಿ ತೆರೆದೇ ಇರುತ್ತಿತ್ತು, ಗಾಳಿ ಸಿಕ್ಕಿಬೀಳಲು ಅಲ್ಲಿ ಜಾಗವೇ ಇರಲಿಲ್ಲ, ಆ ಮಟ್ಟಿಗೆ ಅವರ ಮಾತು ಸರಿ. ಆದರೆ ತಪ್ಪು ಬಿಸಿಲಿನಲ್ಲೂ ಇಲ್ಲ, ಗಾಜಿನ ಕೊಳವೆಗಳಲ್ಲೂ ಇಲ್ಲ. ತಾರಸಿಯಿಂದ ಬಚ್ಚಲಿಗೆ ಪೈಪು ಇಳಿಸಿದ ರೀತಿಯಲ್ಲಿದೆ.

ಗಾಳಿಯ ಕಾಟ ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ರೇಡಿಯೇಟರುಗಳಿಗೂ ಇದೆ, ಆದರೆ ಅವುಗಳಲ್ಲಿ ಸುತ್ತುವುದು ಮತ್ತೆ ಮತ್ತೆ ಅದೇ ನೀರು. ಒಮ್ಮೆ ಕೀಲಿ ತಿರುಗಿಸಿ ಗಾಳಿ ಬಿಟ್ಟರೆ ಬಹಳ ಕಾಲ ಚಿಂತೆಯಿಲ್ಲ. ನಮ್ಮ ಸೋಲಾರ್ ಟ್ಯಾಂಕಿಗೆ ದಿನವೂ ಹೊಸ ನೀರು ಬರುತ್ತದೆ, ಅದರೊಂದಿಗೆ ಹೊಸ ಗಾಳಿಯೂ ಬರುತ್ತದೆ. 30 ಡಿಗ್ರಿಯ ನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಂಡಿರಬಲ್ಲದು. 60 ಡಿಗ್ರಿಗೆ ಕಾದಾಗ 5 ಮಿಲಿಗ್ರಾಮಿಗಿಂತ ಕಡಿಮೆ. ಸಾರಜನಕದ್ದೂ ಇದೇ ಕಥೆ. 100 ಲೀಟರ್ ಟ್ಯಾಂಕಿನಲ್ಲಿ ಹೀಗೆ ಒಂದೇ ದಿನ ಕಾಲು ಲೀಟರಿನಷ್ಟು ಗಾಳಿ ಬಿಡುಗಡೆಯಾಗಬಹುದು. ಅರ್ಧ ಇಂಚಿನ ಪೈಪಿನಲ್ಲಿ ಅದು ಒಂದೂವರೆ ಮೀಟರಿಗೂ ಹೆಚ್ಚು ಉದ್ದ ತುಂಬುತ್ತದೆ. ಈ ಗಾಳಿಗೆ ಹೊರಬಾಗಿಲಾಗಿ ಇರುವುದೇ ಟ್ಯಾಂಕಿನ ಬಳಿ ನೆಟ್ಟಗೆ ನಿಂತು ತುದಿಯಲ್ಲಿ ಬಾಗಿದ ವೆಂಟ್ ಪೈಪ್. ಅದರ ತುದಿ ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಬಾಯಿ ಸದಾ ತೆರೆದಿರಬೇಕು. ನೀರು ತುಳುಕುತ್ತದೆಂದು ಅದಕ್ಕೆ ಮುಚ್ಚಳ ಹಾಕುವುದು ಉಪಕರಣದ ಉಸಿರು ಕಟ್ಟಿದಂತೆ.

ವೆಂಟ್ ಸರಿಯಿದ್ದರೂ ಪೈಪು ತಾರಸಿಯ ಕಟ್ಟೆ ಹತ್ತಿ ಇಳಿದರೆ, ಅಥವಾ ಮಳೆಗೆಂದು ಹಾಕಿದ ಶೀಟಿನ ಮೇಲಿಂದ ಬಳಸಿ ಬಂದರೆ, ಆ ಉಬ್ಬಿನ ಆಚೆ ಇಳಿಯುವ ಭಾಗದಲ್ಲಿ ಗಾಳಿ ಕೂರುತ್ತದೆ. ನೀರನ್ನು ಕೆಳಕ್ಕೆ ತಳ್ಳುವುದು ಅದರ ಎತ್ತರ ಮಾತ್ರ. ಹತ್ತು ಮೀಟರ್ ಎತ್ತರ ಇದ್ದರೆ ಸುಮಾರು ಒಂದು ವಾತಾವರಣದ ಒತ್ತಡ. ಮೇಲಿನ ಮಹಡಿಯ ಬಚ್ಚಲಿಗೆ ಸಿಗುವುದು ಎರಡು ಮೂರು ಮೀಟರ್. ಗಾಳಿಗೆ ಹೇಳುವಂಥ ತೂಕವಿಲ್ಲ, ಆದ್ದರಿಂದ ಇಳಿಯುವ ಪೈಪಿನಲ್ಲಿ ಅದು ಎಷ್ಟು ಎತ್ತರ ಕೂತಿದೆಯೋ ಅಷ್ಟು ಒತ್ತಡ ನಷ್ಟ. ಅಂಥ ಎರಡು ಉಬ್ಬುಗಳಿದ್ದರೆ ಲೆಕ್ಕ ಮುಗಿಯಿತು. ಪ್ಲಂಬರುಗಳು ಮಾಡುವ ಉಪಾಯದ ಸೊಗಸು ಇರುವುದೂ ಇಲ್ಲೇ. ತಣ್ಣೀರು ಬಿಸಿನೀರು ಸೇರುವ ಮಿಕ್ಸರ್ ನಲ್ಲಿಯ ಬಾಯಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ, ತಣ್ಣೀರು ಬಿಸಿನೀರು ಎರಡನ್ನೂ ತೆರೆಯುತ್ತಾರೆ. ತಣ್ಣೀರಿನ ಪೈಪಿನಲ್ಲಿ ನೀರು ಕಡಿಯದೆ ತುಂಬಿದೆ, ಅದರ ಒತ್ತಡ ಪೂರ್ತಿ. ಬಿಸಿನೀರಿನ ಪೈಪಿನಲ್ಲಿ ಗಾಳಿ ಕೂತ ಎತ್ತರದಷ್ಟು ಕಡಿಮೆ. ಎರಡೂ ಒಂದೇ ಮಟ್ಟದ ಟ್ಯಾಂಕಿನಿಂದ ಬಂದರೂ ಗಾಳಿ ಕಸಿದುಕೊಂಡ ಒತ್ತಡವೇ ತಣ್ಣೀರನ್ನು ಹಿಮ್ಮುಖವಾಗಿ ಹತ್ತಿಸಿ ಗಾಳಿಯನ್ನು ವೆಂಟಿನತ್ತ ದೂಡುತ್ತದೆ. ಯಂತ್ರವಿಲ್ಲ, ಖರ್ಚಿಲ್ಲ. ಇಷ್ಟು ಚೆಂದದ ಭೌತಶಾಸ್ತ್ರದ ಪಾಠವನ್ನು ಶಾಲೆಗಳಲ್ಲೂ ತೋರಿಸಬೇಕು. ಆದರೆ ಉಬ್ಬು ಅಲ್ಲೇ ಇರುವವರೆಗೆ ಗಾಳಿಯೂ ಮರಳುತ್ತದೆ, ಹಾಗಾಗಿ ಇದನ್ನು ಪರಿಹಾರವೆಂದು ನಾನು ಒಪ್ಪಲಾರೆ.

ಪ್ರೆಷರ್ ಪಂಪು ಹಾಕಿದರಾಯಿತಲ್ಲ ಎಂಬ ಮಾತಿದೆ. ಪಂಪು ಗಾಳಿಯನ್ನು ತಳ್ಳೀತು. ಆದರೆ ವೆಂಟ್ ತೆರೆದಿರುವ ಸಾಮಾನ್ಯ ಸೋಲಾರ್ ಟ್ಯಾಂಕು ಆ ಒತ್ತಡಕ್ಕೆ ಮಾಡಿದ್ದಲ್ಲ, ತಣ್ಣೀರಿನ ಕಡೆಯಿಂದ ಪಂಪು ಒತ್ತಿದರೆ ವೆಂಟಿನಿಂದ ನೀರು ಸುರಿಯುತ್ತದೆ, ಜೋಡಣೆಗಳು ಸೋರುತ್ತವೆ. ಕರೆಂಟು ಉಳಿಸಲು ತಂದದ್ದಕ್ಕೆ ಕರೆಂಟಿನದೇ ಊರುಗೋಲು ಬೇರೆ. ಮಳೆಗಾಲದಲ್ಲಿ ಹೇಗೂ ಗೀಸರ್ ಬೇಕು, ಸೋಲಾರಿನ ಗೋಜೇಕೆ ಎಂಬ ಇನ್ನೊಂದು ಆಕ್ಷೇಪಕ್ಕೆ ಕರಾವಳಿಯಲ್ಲಿ ತೂಕವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬುವಂತಿಲ್ಲ ನಿಜ. ಉಳಿದ ತಿಂಗಳುಗಳ ಬಿಸಿಲು ಮಾತ್ರ ಧಾರಾಳ, ಅದನ್ನು ಒಂದು ಉಬ್ಬಿನ ಕಾರಣಕ್ಕೆ ಬಿಟ್ಟುಕೊಡುವುದು ನಷ್ಟವೇ. ವಿದ್ಯುತ್ ಕಂಪನಿಗಳು ಸೋಲಾರ್ ಹೀಟರಿಗೆ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಡುತ್ತಾ ಬಂದಿವೆ. ಆ ರಿಯಾಯಿತಿಗಾಗಿ ಹೀಟರ್ ಇದೆಯೇ ಎಂದು ಕೇಳುವಾಗಲೇ ಪೈಪು ಉದ್ದಕ್ಕೂ ಇಳಿಜಾರಾಗಿದೆಯೇ, ವೆಂಟ್ ಎತ್ತರವಿದೆಯೇ ಎಂದೂ ಕೇಳುವಂತಾಗಬೇಕು.

ಗಾಳಿ ನುಗ್ಗಲು ನಮ್ಮ ಊರಿನದೇ ಆದ ಇನ್ನೊಂದು ದಾರಿ ಬೇಸಿಗೆಯ ನೀರಿನ ರೇಷನಿಂಗ್. 2019ರಲ್ಲೂ 2023ರಲ್ಲೂ ತುಂಬೆ ಅಣೆಕಟ್ಟಿನ ನೀರು ತಗ್ಗಿ ನಗರದಲ್ಲಿ ಸರದಿಯ ಮೇಲೆ ನೀರು ಬಿಟ್ಟರು. ತಾರಸಿಯ ಟ್ಯಾಂಕು ಬರಿದಾದರೆ ಪೈಪಿನ ತುಂಬ ಗಾಳಿಯೇ. ನೀರು ಮರಳಿದ ಕೂಡಲೇ ಮಧ್ಯಾಹ್ನದ ಬಿಸಿಲಿನಲ್ಲಿ ಖಾಲಿ ಸೋಲಾರಿಗೆ ತಣ್ಣೀರು ಬಿಡಬಾರದು, ಕಾದ ಗಾಜಿನ ಕೊಳವೆ ಸಿಡಿದೀತು. ಸೋಲಾರಿಗೆ ತಣ್ಣೀರು ಬರುವ ವಾಲ್ವ್ ಮುಚ್ಚಿಟ್ಟು, ಮರುದಿನ ಬಿಸಿಲೇರುವ ಮೊದಲು ನಿಧಾನವಾಗಿ ತುಂಬಿಸಿ, ಬಿಸಿನೀರಿನ ನಲ್ಲಿಗಳನ್ನು ಕೆಳಗಿನ ಮಹಡಿಯಿಂದ ಶುರುಮಾಡಿ ಒಂದೊಂದಾಗಿ ತೆರೆಯಬೇಕು. ಧಾರೆ ಕಡಿಯದೆ ಬಂದ ಮೇಲೆ ಮುಚ್ಚಬಹುದು.