ಮಾರ್ಗದಲ್ಲಿ ಮೋಟಾರೂ ಬೈಸಿಕಲ್ಲೂ

ರಾಜ್ಯ ಸರಕಾರವು 2006-07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಡತೊಡಗಿದ ಮೇಲೆ, ದೂರದ ಕಾರಣದಿಂದ ವಿದ್ಯೆಯನ್ನು ಬಿಡಬೇಕಾಗಿದ್ದ ಎಷ್ಟೋ ಹಳ್ಳಿಯ ಬಾಲಿಕೆಯರು ಪ್ರೌಢಶಾಲೆಯ ಮೆಟ್ಟಲನ್ನು ಹತ್ತಿದರು. ಆದರೆ ಮಾರ್ಗವು ಅಪಾಯಕರವೆಂದು ತಂದೆತಾಯಿಗಳಿಗೆ ತೋರಿದ ದಿನವೇ ಬೈಸಿಕಲ್ಲು ಮೂಲೆಯನ್ನು ಸೇರುವುದು. ಹುಡುಗಿಯೂ ಮನೆಯಲ್ಲಿಯೇ ಉಳಿಯುವಳು. ಆದುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಸೈಕಲ್ಲಿನವರು ಸೊಟ್ಟಸೊಟ್ಟಾಗಿ ಬರುವರೆಂದು ಮೋಟಾರಿನವರ ದೂರು. ಮೋಟಾರಿನವರು ಮೈಮೇಲೆಯೇ ಬರುವರೆಂದು ಸೈಕಲ್ಲಿನವರ ದೂರು. ಎರಡರಲ್ಲಿಯೂ ಹುರುಳುಂಟು. ಒಬ್ಬರ ಆಸನದಿಂದ ಮಾರ್ಗವು ಹೇಗೆ ಕಾಣುವುದೆಂಬುದು ಮತ್ತೊಬ್ಬರಿಗೆ ತಿಳಿಯದಿರುವುದೇ ಇದಕ್ಕೆ ಕಾರಣ.

ಕಲಬುರಗಿಯಿಂದ ಮಹಾಗಾಂವ ಕ್ರಾಸಿನ ಮೇಲೆ ಕಮಲಾಪುರಕ್ಕೆ ಹೋಗುವ ಹೆದ್ದಾರಿಯನ್ನೇ ನೋಡಿರಿ. ಇದು ಎರೆಭೂಮಿಯ ನಾಡು. ಮಳೆ ಬಿದ್ದಾಗ ಮಾರ್ಗದ ಅಂಚಿನ ಕರಿಮಣ್ಣು ಗಾಲಿಗೆ ಮೆತ್ತಿಕೊಳ್ಳುವುದರಿಂದ ಸೈಕಲ್ಲಿನವಳು ಡಾಂಬರನ್ನು ಬಿಟ್ಟು ಇಳಿಯಲಾರಳು. ಸುಗ್ಗಿಯಲ್ಲಿ ತೊಗರಿ, ಜೋಳಗಳ ರಾಶಿಯನ್ನು ಮಾರ್ಗದ ಮೇಲೆ ಹರಡುವ ರೂಢಿಯೂ ನಮ್ಮ ಕಡೆ ಉಂಟು. ತಗ್ಗು ಬಂದಾಗ, ರಾಶಿ ಅಡ್ಡವಾದಾಗ ಅವಳು ಬಲಕ್ಕೆ ಸರಿಯಲೇಬೇಕು. ಅಲ್ಲದೆ ಎರಡು ಗಾಲಿಯ ಬಂಡಿಯು ಹ್ಯಾಂಡಲ್ಲನ್ನು ಅತ್ತಿತ್ತ ತುಸು ತಿರುಗಿಸುವುದರಿಂದಲೇ ಬೀಳದೆ ನಿಲ್ಲತಕ್ಕದ್ದು. ಓಟವು ಮಂದವಾದಷ್ಟೂ ತೂಗಾಟವು ಹೆಚ್ಚುವುದು. ಹಿಂದಿನಿಂದ ಹಾರ್ನು ಬಾರಿಸಿದರೆ ಬೆಚ್ಚಿ ಇನ್ನಷ್ಟು ಹೊಯ್ದಾಡುವಳು. ಆದಕಾರಣ ದಾಟುವ ಮೋಟಾರು ಧಾರಾಳವಾಗಿ ಎಡೆ ಬಿಡಬೇಕು. ಜರ್ಮನಿಯಲ್ಲಿ 2020ರ ನಿಯಮದಂತೆ ಈ ಅಂತರವು ಊರೊಳಗೆ ಒಂದೂವರೆ ಮೀಟರು, ಊರ ಹೊರಗೆ ಎರಡು ಮೀಟರು.

ವೇಗದ ಲೆಕ್ಕವನ್ನೂ ಅರಿಯಬೇಕು. ಗಂಟೆಗೆ 60 ಕಿಲೋಮೀಟರು ಓಡುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುವುದು. ಚಾಲಕನು ಬ್ರೇಕನ್ನು ಒತ್ತಬೇಕೆಂದು ಎಣಿಸುವಷ್ಟರಲ್ಲಿಯೇ ಅಷ್ಟು ದೂರವು ಕಳೆದಿರುವುದು. ವೇಗವು ಇಮ್ಮಡಿಯಾದರೆ ಹೊಡೆತದ ಶಕ್ತಿಯು ನಾಲ್ಮಡಿಯಾಗುವುದು.

ಇನ್ನು ಚಾಲಕನ ಪಕ್ಷ. ನಮ್ಮ ದೇಶದಲ್ಲಿ ಅವನು ಬಲಗಡೆ ಕುಳಿತಿರುವನಾದುದರಿಂದ ಲಾರಿಯ ಎಡಮಗ್ಗುಲಿಗೆ ಅಂಟಿಕೊಂಡು ಬರುವವಳು ಅವನಿಗೆ ಕಾಣಿಸಳು. ಲಾರಿಯು ಎಡಕ್ಕೆ ಹೊರಳುವಾಗ ಅದರ ಹಿಂದಿನ ಗಾಲಿಗಳು ಮುಂದಿನ ಗಾಲಿಗಳ ಜಾಡಿಗಿಂತ ಒಳಗೊತ್ತಿ ಬರುವುವು. ಆದುದರಿಂದ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಂತಹ ಸಂದಣಿಯಲ್ಲಿ ಬಸ್ಸು ಲಾರಿಗಳ ಎಡಗಡೆ ನುಸುಳತಕ್ಕದ್ದಲ್ಲ. ಅವುಗಳ ಕನ್ನಡಿಯಲ್ಲಿ ಚಾಲಕನ ಮುಖವು ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲವೆಂದು ತಿಳಿಯಿರಿ. ಮಬ್ಬುಗತ್ತಲಲ್ಲಿ ಮುಂದೆ ದೀಪವೂ ಹಿಂದೆ ಕೆಂಪು ಪ್ರತಿಫಲಕವೂ ಇರಲಿ. ತಿರುಗುವ ಮೊದಲು ಹಿಂದೆ ನೋಡಿ ಕೈಚಾಚಿರಿ. ನಿಂತ ಕಾರಿನ ಬಾಗಿಲು ತಟ್ಟನೆ ತೆರೆಯಬಹುದಾದುದರಿಂದ ಅದರಿಂದಲೂ ದೂರವಿರಿ. ಕಾರಿನಲ್ಲಿ ಬಲಗಡೆ ಕುಳಿತವರು ಎಡಗೈಯಿಂದ ಬಾಗಿಲನ್ನು ತೆರೆದರೆ ದೇಹವು ತಾನಾಗಿ ಹೊರಳಿ, ಹಿಂದೆ ಬರುವವರು ಕಣ್ಣಿಗೆ ಬೀಳುವರು.

ಬೈಸಿಕಲ್ಲು ಮೋಟಾರು ವಾಹನವಲ್ಲವಾದುದರಿಂದ ಅದಕ್ಕೆ ಲೈಸೆನ್ಸೂ ಇಲ್ಲ, ಪರೀಕ್ಷೆಯೂ ಇಲ್ಲ. ಹೀಗಿರುವಲ್ಲಿ ಅದನ್ನು ನಡೆಸುವ ರೀತಿಯನ್ನು ಮನೆಯೂ ಶಾಲೆಯೂ ಅಲ್ಲದೆ ಮತ್ತಾರು ಕಲಿಸಬೇಕು? 1988ರ ಮೋಟಾರು ವಾಹನ ಕಾಯಿದೆಯು ಅಪಘಾತವಾದರೆ ಗಾಯಗೊಂಡವರಿಗೆ ವೈದ್ಯರ ನೆರವು ದೊರೆಯುವಂತೆ ಮಾಡುವ ಹೊಣೆಯನ್ನು ಚಾಲಕನ ಮೇಲೆ ಹೊರಿಸಿದೆ. ಆ ಹೊಣೆಯು ಬಾರದಂತೆ ನಡೆದುಕೊಳ್ಳುವುದೇ ಲೇಸು. ಇಂದು ಬೈಸಿಕಲ್ಲನ್ನು ತುಳಿಯುವ ನಮ್ಮ ಬಾಲಿಕೆಯರಲ್ಲಿ ಅನೇಕರು ನಾಳೆ ಸ್ಕೂಟರನ್ನೂ ಕಾರನ್ನೂ ನಡೆಸುವರು. ಅಂದು ಮಾರ್ಗದ ಅಂಚಿನಲ್ಲಿ ತೂಗಾಡುತ್ತ ಸಾಗುವ ಚಿಕ್ಕ ಹುಡುಗಿಯೊಬ್ಬಳನ್ನು ಕಂಡಾಗ ವೇಗವನ್ನು ತಗ್ಗಿಸುವರೆಂದು ನಂಬಿರುತ್ತೇವೆ.